ಬುಕ್ ಮಾಡಿದ ಮೇಲೆ ಕ್ರೂಸ್ ದರ ಇಳಿದರೆ ಏನು ಮಾಡಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಮನೆಗಳಿಗೆ ಕ್ರೂಸ್ ಈಗ ಹೊಸದೇನಲ್ಲ. ಡಲ್ಲಾಸ್, ಆಸ್ಟಿನ್ ಕಡೆಯವರು ಕಾರಿನಲ್ಲೇ ಗ್ಯಾಲ್ವೆಸ್ಟನ್‌ಗೆ ಹೋಗಿ ಹಡಗು ಹತ್ತುತ್ತಾರೆ. ನ್ಯೂಜೆರ್ಸಿಯವರಿಗೆ ಬೇಯೋನ್‌ನ ಕೇಪ್ ಲಿಬರ್ಟಿ ಪಕ್ಕದಲ್ಲೇ ಇದೆ. ಊರಿನಿಂದ ಅಪ್ಪ ಅಮ್ಮ ಬಂದರೆ ಸಿಯಾಟಲ್‌ನಿಂದ ಅಲಾಸ್ಕಾ. ಆದರೆ ಬುಕ್ ಮಾಡಿದ ಮೇಲೆ ಅದೇ ರೂಮ್ ಕಡಿಮೆ ದರಕ್ಕೆ ಕಂಡರೆ ಏನು ಮಾಡಬೇಕು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹೆಚ್ಚಿನವು ಅಮೆರಿಕದಲ್ಲಿ ಮಾಡಿದ ಬುಕಿಂಗ್‌ಗೆ ಸಂಬಂಧಿಸಿದ್ದು. ಬ್ರಿಟನ್ ಮತ್ತು ಭಾರತದ ವಿಷಯ ಕೊನೆಯಲ್ಲಿದೆ. ಕಂಪನಿಗಳು ನಿಯಮ ಬದಲಿಸುತ್ತಲೇ ಇರುತ್ತವೆ. ಹಾಗಾಗಿ ನಿಮ್ಮ ಬುಕಿಂಗ್ ಕಾಗದದಲ್ಲಿ ಏನಿದೆಯೋ ಅದೇ ಕೊನೆಯ ಮಾತು.

## ಮೊದಲು ತಿಳಿಯಬೇಕಾದ್ದು

ನಾನು ಬುಕ್ ಮಾಡಿದ ಮೇಲೆ ರೇಟ್ ಇಳಿದಿದೆ. ವ್ಯತ್ಯಾಸದ ದುಡ್ಡು ಸಿಗುತ್ತಾ?

ಫೈನಲ್ ಪೇಮೆಂಟ್ ದಿನ ಇನ್ನೂ ಬಂದಿಲ್ಲವಾದರೆ ಬಹುತೇಕ ಸಿಗುತ್ತದೆ. ಅಮೆರಿಕದಲ್ಲಿ ಮಾಡಿದ ಬುಕಿಂಗ್‌ಗೆ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಆ ದಿನದ ತನಕ ಹೊಸ ದರ ಹಾಕಿಕೊಡುತ್ತವೆ. ಇದಕ್ಕೆ ರೀಪ್ರೈಸ್ ಅನ್ನುತ್ತಾರೆ. ಹೆಚ್ಚಿನವರು ಆಗ ಡೆಪಾಸಿಟ್ ಮಾತ್ರ ಕಟ್ಟಿರುತ್ತಾರೆ. ಆದ್ದರಿಂದ ಕೈಗೆ ದುಡ್ಡು ಬರುವುದಿಲ್ಲ, ಇನ್ನು ಕಟ್ಟಬೇಕಾದ ಬಾಕಿ ಕಡಿಮೆಯಾಗುತ್ತದೆ. ಪೂರ್ತಿ ಹಣವನ್ನು ಮೊದಲೇ ಕಟ್ಟಿಬಿಟ್ಟಿದ್ದರೂ ಆ ದಿನದೊಳಗೆ ಕೇಳಿದರೆ ವ್ಯತ್ಯಾಸ ಕಾರ್ಡ್‌ಗೆ ವಾಪಸ್ ಬರುತ್ತದೆ.

ರೇಟ್ ಇಳಿದರೆ ಕಂಪನಿಯವರೇ ತಾವಾಗಿ ಕಡಿಮೆ ಮಾಡಲ್ವಾ?

ಇಲ್ಲ. ಕೇಳಿದವರಿಗೆ ಮಾತ್ರ. ಒಂದೇ ಸಾಲಿನ ಎರಡು ಬಾಲ್ಕನಿ ರೂಮ್‌ಗಳಲ್ಲಿ ಒಬ್ಬರು 600 ಡಾಲರ್ ಕಡಿಮೆ ಕೊಟ್ಟು ಕೂತಿರುವುದು ಹೀಗೇ. ಕೇಳಲು ಸಂಕೋಚ ಬೇಡ. ಇದು ಚೌಕಾಸಿ ಅಲ್ಲ, ಕಂಪನಿಯ ಜನ ದಿನಾ ಮಾಡಿಕೊಡುವ ಕೆಲಸ.

ಫೈನಲ್ ಪೇಮೆಂಟ್ ದಿನ ಅಂದ್ರೆ ಯಾವುದು? ಎಲ್ಲಿ ನೋಡೋದು?

ಉಳಿದ ಹಣವನ್ನೆಲ್ಲ ಕಟ್ಟಿ ಮುಗಿಸಬೇಕಾದ ಕೊನೆಯ ದಿನ. ಬುಕ್ ಮಾಡಿದಾಗ ಬಂದ ಇನ್‌ವಾಯ್ಸ್‌ನಲ್ಲಿ ಬರೆದಿರುತ್ತದೆ. ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ನಾಲ್ಕು ರಾತ್ರಿವರೆಗಿನ ಪ್ರವಾಸಕ್ಕೆ ಹೊರಡುವ 75 ದಿನ ಮೊದಲು, ಐದು ಮತ್ತು ಅದಕ್ಕಿಂತ ಜಾಸ್ತಿ ರಾತ್ರಿಗೆ 90 ದಿನ ಮೊದಲು. ಕಾರ್ನಿವಲ್‌ನಲ್ಲೂ ಹೆಚ್ಚು ಕಡಿಮೆ ಇಷ್ಟೇ. ನಾರ್ವೀಜಿಯನ್‌ನಲ್ಲಿ 120 ದಿನ, ಅಂದರೆ ನಾಲ್ಕು ತಿಂಗಳು. ಏಜೆಂಟ್ ಮೂಲಕ ಮಾಡಿದ್ದರೆ ಅವರ ಗಡುವು ಕಂಪನಿಯದ್ದಕ್ಕಿಂತ ಕೆಲವು ದಿನ ಮೊದಲೇ ಇರಬಹುದು.

ಈ ಒಂದು ತಾರೀಕನ್ನು ಫೋನಿನಲ್ಲಿ ಹಾಕಿಕೊಳ್ಳಿ. ಎರಡು ವಾರ ಮೊದಲು ಒಂದು ಜ್ಞಾಪನೆ, ಎರಡು ದಿನ ಮೊದಲು ಇನ್ನೊಂದು. ಈ ಪುಟದಲ್ಲಿ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ. ಆ ದಿನದ ತನಕ ಮಾತು ನಿಮ್ಮ ಕೈಯಲ್ಲಿದೆ, ಆಮೇಲೆ ಅವರ ಕೈಯಲ್ಲಿ.

ಬೆಲೆ ಯಾಕೆ ಹೀಗೆ ಏರಿಳಿತ ಆಗುತ್ತೆ?

ಹಡಗು ಹೊರಟ ಮೇಲೆ ಖಾಲಿ ಉಳಿದ ರೂಮ್‌ನಿಂದ ಒಂದು ಡಾಲರ್ ಕೂಡ ಬರುವುದಿಲ್ಲ. ತುಂಬಿದ ರೂಮ್‌ನಿಂದ ಟಿಕೆಟ್ ಹಣ ಬರುತ್ತದೆ, ಆಮೇಲೆ ವೈಫೈ, ಟೂರ್, ಪಾನೀಯ, ಸ್ಪಾ ಎಲ್ಲದರ ಹಣವೂ ಬರುತ್ತದೆ. ಅದಕ್ಕೇ ದರ ಇಳಿಸಿಯಾದರೂ ತುಂಬಿಸುತ್ತಾರೆ. ಬೇಗ ತುಂಬುತ್ತಿದ್ದರೆ ಏರಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ಫೈನಲ್ ಪೇಮೆಂಟ್ ಹತ್ತಿರ ಬಂದಾಗ ಮನಸ್ಸು ಬದಲಿಸಿದವರು ಕ್ಯಾನ್ಸಲ್ ಮಾಡುತ್ತಾರೆ. ಆಗ ಒಂದಷ್ಟು ರೂಮ್ ಒಟ್ಟಿಗೆ ಮಾರಾಟಕ್ಕೆ ವಾಪಸ್ ಬರುತ್ತವೆ. ಆ ಒಂದೆರಡು ವಾರದಲ್ಲಿ ದರ ಜಾಸ್ತಿ ಅಲುಗಾಡುವುದು ಇದರಿಂದಲೇ.

ನಾವು ಬುಕ್ ಮಾಡಿದ ಮೇಲೆ ಬೆಲೆ ಏರಿದರೆ ಜಾಸ್ತಿ ಕಟ್ಟಬೇಕಾ?

ಬೇಡ. ಬುಕ್ ಮಾಡಿದ ದರ ನಿಮ್ಮದೇ. ಸರ್ಕಾರದ ತೆರಿಗೆ, ಬಂದರು ಶುಲ್ಕ ಏರಿದರೆ ಅಥವಾ ಇಂಧನದ ಹೆಚ್ಚುವರಿ ಹಾಕಿದರೆ ಕೇಳುವ ಹಕ್ಕನ್ನು ಕಂಪನಿಗಳು ಒಪ್ಪಂದದಲ್ಲಿ ಬರೆದಿಟ್ಟುಕೊಂಡಿರುತ್ತವೆ, ಅಷ್ಟೇ.

ಫ್ಲೈಟ್ ಟಿಕೆಟ್ ತರಹ 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಿದರೆ ಪೂರ್ತಿ ದುಡ್ಡು ವಾಪಸ್ ಅಲ್ವಾ?

ಅಲ್ಲ. ಅಮೆರಿಕದ 24 ಗಂಟೆ ನಿಯಮ ಇರುವುದು ವಿಮಾನ ಕಂಪನಿಗಳಿಗೆ. ಕ್ರೂಸ್‌ಗೆ ಅದು ಅನ್ವಯಿಸುವುದಿಲ್ಲ. ಡೆಪಾಸಿಟ್‌ನಲ್ಲಿ ಎರಡು ಬಗೆ: ಕ್ಯಾನ್ಸಲ್ ಮಾಡಿದರೆ ವಾಪಸ್ ಬರುವುದು, ವಾಪಸ್ ಬರದೇ ಇರುವುದು. ವಾಪಸ್ ಬರದ ಡೆಪಾಸಿಟ್ ಆರಿಸಿ ಬಟನ್ ಒತ್ತಿದರೆ ಆ ಕ್ಷಣದಿಂದಲೇ ಆ ನಿಯಮ ಜಾರಿ. ಕೆಲವು ಏಜೆಂಟರು ಡೆಪಾಸಿಟ್ ಇಲ್ಲದೆ ಒಂದೆರಡು ದಿನ ರೂಮ್ ಹಿಡಿದಿಟ್ಟುಕೊಡುತ್ತಾರೆ. ಯೋಚನೆ ಮಾಡಲು ಸಮಯ ಬೇಕಿದ್ದರೆ ಅದನ್ನು ಕೇಳಿ.

## ಇಳಿದದ್ದು ನಿಜವಾಗಿ ಇಳಿದಿದೆಯಾ ಅಂತ ನೋಡುವುದು

ವೆಬ್‌ಸೈಟ್‌ನಲ್ಲಿ 200 ಡಾಲರ್ ಕಡಿಮೆ ಕಾಣ್ತಿದೆ. ಫೋನ್ ಮಾಡಿದರೆ "ಹೊಸ ದರದಲ್ಲಿ ನಿಮಗೇ ಜಾಸ್ತಿ ಆಗುತ್ತೆ" ಅಂತಾರೆ. ಮೋಸ ಮಾಡ್ತಿದ್ದಾರಾ?

ಸಾಮಾನ್ಯವಾಗಿ ಮೋಸ ಅಲ್ಲ, ಹೋಲಿಕೆ ತಪ್ಪಿರುತ್ತದೆ. ಮೊದಲ ಪುಟದಲ್ಲಿ ದೊಡ್ಡದಾಗಿ ಕಾಣುವ ದರ ಒಬ್ಬರಿಗೆ, ಅದೂ ಒಂದು ರೂಮ್‌ನಲ್ಲಿ ಇಬ್ಬರು ಇದ್ದಾರೆ ಅನ್ನುವ ಲೆಕ್ಕದಲ್ಲಿ. "ಬಾಲ್ಕನಿ" ಅಂತ ಬರೆದಿದ್ದರೂ ಬಾಲ್ಕನಿಯಲ್ಲೇ ಹಲವು ದರ್ಜೆಗಳಿವೆ. ಅಲ್ಲಿ ತೋರಿಸುವುದು ಎಲ್ಲಕ್ಕಿಂತ ಅಗ್ಗದ್ದನ್ನು, ಅದು ನಿಮ್ಮ ದರ್ಜೆ ಆಗಿರಬೇಕಿಲ್ಲ. ಬಹಳ ಸಲ ಅದು ಡೆಪಾಸಿಟ್ ವಾಪಸ್ ಬರದ ದರವೂ ಆಗಿರುತ್ತದೆ. ನೀವು ತೆಗೆದುಕೊಂಡಿದ್ದು ವಾಪಸ್ ಬರುವ ದರ. ಈ ಎರಡನ್ನು ಎದುರುಬದುರು ಇಟ್ಟರೆ ಇಳಿಕೆ ಇಲ್ಲದ ಕಡೆಯೂ ಇಳಿಕೆ ಕಾಣುತ್ತದೆ.

ಸರಿಯಾದ ದಾರಿ ಹೀಗಿದೆ. ನಿಮ್ಮ ಬುಕಿಂಗ್‌ಗೆ ಲಾಗಿನ್ ಆಗದೆ, ಹೊಸಬರಂತೆ ಬುಕಿಂಗ್ ಶುರು ಮಾಡಿ. ಅದೇ ಹಡಗು, ಅದೇ ತಾರೀಕು. ಅಷ್ಟೇ ಜನ, ಮಕ್ಕಳ ವಯಸ್ಸು ಸಮೇತ. ಇನ್‌ವಾಯ್ಸ್‌ನಲ್ಲಿ ರೂಮ್ ದರ್ಜೆಗೆ ಎರಡು ಅಕ್ಷರದ ಕೋಡ್ ಇರುತ್ತದೆ, ಅದನ್ನೇ ಆರಿಸಿ. ಡೆಪಾಸಿಟ್ ಬಗೆಯೂ ಅದೇ ಇರಲಿ. ಹಣ ಕಟ್ಟುವ ಪುಟದ ತನಕ ಹೋಗಿ, ಅಲ್ಲಿ ನಿಂತು ಒಟ್ಟು ಮೊತ್ತ ಬರೆದುಕೊಳ್ಳಿ. ನಿಮ್ಮ ಇನ್‌ವಾಯ್ಸ್‌ನ ಒಟ್ಟು ಮೊತ್ತದ ಪಕ್ಕದಲ್ಲಿ ಇಟ್ಟು ನೋಡಬೇಕಾದ್ದು ಆ ಸಂಖ್ಯೆಯನ್ನು. ಬೇರೆ ಯಾವುದನ್ನೂ ಅಲ್ಲ.

ತೆರಿಗೆ ಸೇರಿದೆ ಅಂತಾರೆ, ಆದರೂ ಕೊನೆಗೆ ಜಾಸ್ತಿ ಬರುತ್ತೆ. ಯಾಕೆ?

ಟಿಪ್ಸ್‌ನಿಂದ. 2024ರ ಜುಲೈ 1ರಿಂದ ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಜಾಹೀರಾತಿನ ದರದಲ್ಲೇ ತಪ್ಪಿಸಿಕೊಳ್ಳಲಾಗದ ಶುಲ್ಕಗಳೆಲ್ಲ ಸೇರಿರಬೇಕು. ಆವಾಗಿನಿಂದ ದೊಡ್ಡ ಕಂಪನಿಗಳು ತೆರಿಗೆ, ಬಂದರು ಶುಲ್ಕ ಸೇರಿಸಿಯೇ ತೋರಿಸಲು ಶುರು ಮಾಡಿದವು. ಆದರೆ ದಿನದ ಟಿಪ್ಸ್, ಅಂದರೆ ಹಡಗಿನ ಸಿಬ್ಬಂದಿಗೆ ಅಂತ ದಿನಕ್ಕಿಷ್ಟು ಹಾಕುವ ಹಣ, ಅದರಲ್ಲಿ ಇರುವುದಿಲ್ಲ. ರಾಯಲ್ ಕೆರಿಬಿಯನ್ 2024ರ ನವೆಂಬರ್‌ನಲ್ಲಿ ಸಾಮಾನ್ಯ ರೂಮ್‌ಗೆ ಒಬ್ಬರಿಗೆ ದಿನಕ್ಕೆ 18.50 ಡಾಲರ್ ಮಾಡಿತು. ಆ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ಏಳು ರಾತ್ರಿಗೆ 518 ಡಾಲರ್. ನಿಮ್ಮ ಹಳೆ ಇನ್‌ವಾಯ್ಸ್‌ನಲ್ಲಿ ಟಿಪ್ಸ್ ಸೇರಿದ್ದು, ಹೊಸ ದರದಲ್ಲಿ ಸೇರದೆ ಇದ್ದರೆ "ಇಳಿಕೆ" ಅಂತ ಕಾಣುವುದೆಲ್ಲ ಅದೇ ಇರಬಹುದು.

ಹೊಸ ದರಕ್ಕೆ ಬದಲಾಯಿಸಿದರೆ ಹಳೆ ಆಫರ್‌ಗಳು ಉಳಿಯುತ್ತಾ?

ಬಹುತೇಕ ಉಳಿಯುವುದಿಲ್ಲ. ಜನ ಹೆಚ್ಚು ಪೆಟ್ಟು ತಿನ್ನುವುದು ಇಲ್ಲೇ. ರೀಪ್ರೈಸ್ ಮಾಡಿದರೆ ನಿಮ್ಮ ಬುಕಿಂಗ್ ಇವತ್ತಿನ ದರಕ್ಕೆ, ಇವತ್ತಿನ ಆಫರ್‌ಗೆ ಬರುತ್ತದೆ. ಆವತ್ತಿನ ಆಫರ್ ಅಲ್ಲಿಗೆ ಮುಗಿಯಿತು.

ಒಂದು ಲೆಕ್ಕ ನೋಡಿ. ಜನವರಿಯಲ್ಲಿ ಬುಕ್ ಮಾಡಿದಾಗ 200 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲಿ ಖರ್ಚು ಮಾಡಲು ಕೊಡುವ ಹಣ) ಕೊಟ್ಟಿದ್ದರು. ಮಾರ್ಚ್‌ನಲ್ಲಿ ದರ 140 ಡಾಲರ್ ಇಳಿಯಿತು, ಆದರೆ ಈಗಿನ ಆಫರ್‌ನಲ್ಲಿ ಕ್ರೆಡಿಟ್ ಬರೀ 50. ಬದಲಾಯಿಸಿದರೆ 140 ಉಳಿಯುತ್ತದೆ, 150 ಹೋಗುತ್ತದೆ. ಟಿಪ್ಸ್ ಉಚಿತ, ಪಾನೀಯದ ಪ್ಯಾಕೇಜ್ ಉಚಿತ ಅನ್ನುವ ಆಫರ್‌ಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಆದ್ದರಿಂದ ಹೊಸ ದರ ಕೇಳುವಾಗಲೇ ಇನ್ನೊಂದು ಪ್ರಶ್ನೆ ಕೇಳಿ: "ಈಗ ನನ್ನ ಹತ್ತಿರ ಇರುವುದರಲ್ಲಿ ಏನೇನು ಹೋಗುತ್ತದೆ?"

ರೀಪ್ರೈಸ್ ಮಾಡಿಸಿದರೆ ರೂಮ್ ನಂಬರ್ ಬದಲಾಗುತ್ತಾ?

ಅದೇ ದರ್ಜೆಯಲ್ಲಿ ಹೊಸ ದರ ಸಿಕ್ಕರೆ ರೂಮ್ ಅದೇ ಇರುತ್ತದೆ. ಊಟದ ಸಮಯ ಮಾತ್ರ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಇಳಿಕೆ ಬೇರೆ ದರ್ಜೆಯಲ್ಲಿದ್ದರೆ ರೂಮ್ ಬದಲಾಗುತ್ತದೆ.

"ಗ್ಯಾರಂಟಿ" ಅನ್ನೋ ರೂಮ್ ತುಂಬಾ ಕಡಿಮೆಗೆ ಸಿಗ್ತಿದೆ. ಅದಕ್ಕೆ ಬದಲಾಯಿಸಿಕೊಳ್ಳಲಾ?

ಗ್ಯಾರಂಟಿ ರೂಮ್ ತೆಗೆದುಕೊಂಡರೆ ದರ್ಜೆ ಮಾತ್ರ ನಿಮ್ಮದು, ಯಾವ ರೂಮ್ ಅನ್ನುವುದು ಕಂಪನಿಯ ಆಯ್ಕೆ. ಗಂಡ ಹೆಂಡತಿ ಇಬ್ಬರೇ ಹೋಗುತ್ತಿದ್ದರೆ ಧಾರಾಳವಾಗಿ ತೆಗೆದುಕೊಳ್ಳಿ. ಅಪ್ಪ ಅಮ್ಮ ಜೊತೆಗಿದ್ದರೆ ನಾನು ಬೇಡ ಅನ್ನುತ್ತೇನೆ. ಅವರ ರೂಮ್ ನಿಮ್ಮದರಿಂದ ನಾಲ್ಕು ಮಹಡಿ ದೂರ ಬರಬಹುದು. ಲಿಫ್ಟ್‌ನಿಂದ ಉದ್ದ ಓಣಿಯ ಆ ಕೊನೆಗೆ ಬರಬಹುದು. ಮಂಡಿ ನೋವಿನ ಅತ್ತೆಗೆ ದಿನಕ್ಕೆ ಆರು ಸಲ ಅಷ್ಟು ದೂರ ನಡೆಯುವುದು ಕಷ್ಟ. ನೂರು ಡಾಲರ್‌ಗೋಸ್ಕರ ಅದು ಬೇಡ.

ಎಷ್ಟು ದಿನಕ್ಕೊಮ್ಮೆ ದರ ನೋಡ್ತಾ ಇರಬೇಕು?

ವಾರಕ್ಕೊಮ್ಮೆ ಸಾಕು. ದಿನಾ ನೋಡಿದರೆ ಸುಮ್ನೆ ತಲೆಬಿಸಿ. ಮೂರು ಸಮಯದಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಗಮನ ಇರಲಿ: ಥ್ಯಾಂಕ್ಸ್‌ಗಿವಿಂಗ್ ಹೊತ್ತಿನ ಬ್ಲ್ಯಾಕ್ ಫ್ರೈಡೇ ವಾರ, ಜನವರಿಯಿಂದ ಮಾರ್ಚ್‌ವರೆಗಿನ ವೇವ್ ಸೀಸನ್ (ಕ್ರೂಸ್ ಕಂಪನಿಗಳು ಹೆಚ್ಚು ಆಫರ್ ಕೊಡುವ ಕಾಲ), ಮತ್ತು ನಿಮ್ಮ ಫೈನಲ್ ಪೇಮೆಂಟ್‌ಗೆ ಮುಂಚಿನ ಎರಡು ವಾರ. ಕ್ರೂಸ್ ಕ್ರಿಟಿಕ್‌ನಂಥ ವೆಬ್‌ಸೈಟ್‌ನಲ್ಲಿ ದರ ಇಳಿದರೆ ಇಮೇಲ್ ಬರುವ ಹಾಗೆ ಮಾಡಿಕೊಳ್ಳಬಹುದು. ಆ ಇಮೇಲ್ ಬಂದ ಮೇಲೂ ಮೇಲೆ ಹೇಳಿದ ಹಾಗೆ ಒಟ್ಟು ಮೊತ್ತದ ಹೋಲಿಕೆ ಮಾಡಲೇಬೇಕು. ಅದು ನಿಮ್ಮ ದರ್ಜೆ, ನಿಮ್ಮ ಮಕ್ಕಳ ವಯಸ್ಸು ನೋಡಿ ಹೇಳಿದ್ದಲ್ಲ.

## ಕೇಳುವುದು ಹೇಗೆ

ಫೋನ್‌ನಲ್ಲಿ ಏನಂತ ಕೇಳಬೇಕು? ನನಗೆ ಇದೆಲ್ಲ ಅಭ್ಯಾಸ ಇಲ್ಲ.

ಬುಕಿಂಗ್ ನಂಬರ್, ದರ್ಜೆಯ ಕೋಡ್, ನೀವು ನೋಡಿದ ಹೊಸ ಒಟ್ಟು ಮೊತ್ತ, ಈ ಮೂರನ್ನು ಕಾಗದದಲ್ಲಿ ಬರೆದು ಮುಂದಿಟ್ಟುಕೊಳ್ಳಿ. ತೆರೆದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಂತರ ಹೇಳಬೇಕಾದ್ದು ಇಷ್ಟೇ: ಇದೇ ರೂಮ್, ಇದೇ ದರ್ಜೆಗೆ ಇವತ್ತಿನ ದರ ಎಷ್ಟು ಅಂತ ನೋಡಿ ಹೇಳಿ, ನಾನು ಹೂಂ ಅನ್ನುವ ತನಕ ಏನನ್ನೂ ಬದಲಾಯಿಸಬೇಡಿ.

ಆ ಕೊನೆಯ ಮಾತು ಬಹಳ ಮುಖ್ಯ. ಒಮ್ಮೆ ಬದಲಾಯಿಸಿದರೆ ಹಳೆ ದರ, ಹಳೆ ಆಫರ್ ಮತ್ತೆ ತರುವುದು ಬಹಳ ಕಷ್ಟ. ಅವರು ಓದಿ ಹೇಳಿದ ಒಟ್ಟು ಮೊತ್ತ, ಕ್ರೆಡಿಟ್, ಟಿಪ್ಸ್ ಎಲ್ಲ ಬರೆದುಕೊಳ್ಳಿ. ಒಪ್ಪಿಗೆಯಾದರೆ ಹೂಂ ಅನ್ನಿ. ಫೋನ್ ಇಡುವ ಮೊದಲು ಹೊಸ ಇನ್‌ವಾಯ್ಸ್ ಇಮೇಲ್‌ನಲ್ಲಿ ಬಂತಾ ನೋಡಿ. ಬಾಯಿಮಾತಿಗೆ ಇಲ್ಲಿ ಬೆಲೆ ಇಲ್ಲ.

ಒಬ್ಬರು ಆಗಲ್ಲ ಅಂದರೆ ಧನ್ಯವಾದ ಹೇಳಿ ಫೋನ್ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಆ ಕಡೆ ಬೇರೆಯವರು ಸಿಗುತ್ತಾರೆ, ಕೆಲವರಿಗೆ ಈ ಕೆಲಸ ಚೆನ್ನಾಗಿ ಗೊತ್ತಿರುತ್ತದೆ.

ಏಜೆಂಟ್ ಮೂಲಕ ಬುಕ್ ಮಾಡಿದ್ದೀವಿ. ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಏಜೆಂಟನ್ನೇ ಕೇಳಿ" ಅಂತಾರೆ.

ಹೌದು, ಬುಕಿಂಗ್ ಏಜೆಂಟ್ ಹೆಸರಲ್ಲಿ ಇದ್ದರೆ ಬದಲಾಯಿಸುವ ಅಧಿಕಾರ ಅವರಿಗೆ ಮಾತ್ರ. ಒಳ್ಳೆಯ ಏಜೆಂಟ್ ಸಿಕ್ಕರೆ ಇದು ಅನುಕೂಲವೇ. ನೀವು ಫೋನ್ ಹಿಡಿದು ಕಾಯಬೇಕಿಲ್ಲ, ಒಂದು ಇಮೇಲ್ ಸಾಕು. ಆದರೆ ಅವರ ಕಮಿಷನ್ ದರದ ಮೇಲೆ ನಿಂತಿದೆ. ದರ ಇಳಿದರೆ ಅದೂ ಇಳಿಯುತ್ತದೆ. ಹಾಗಾಗಿ ಎಲ್ಲರೂ ಉತ್ಸಾಹ ತೋರಿಸುವುದಿಲ್ಲ.

ಬುಕ್ ಮಾಡುವ ಮೊದಲೇ ಎರಡು ಪ್ರಶ್ನೆ ಕೇಳಿ. ದರ ಇಳಿದರೆ ನೀವೇ ನೋಡಿ ಹೇಳುತ್ತೀರಾ, ನಾನೇ ಹೇಳಬೇಕಾ? ರೀಪ್ರೈಸ್ ಮಾಡಲು, ಕ್ಯಾನ್ಸಲ್ ಮಾಡಲು ನಿಮ್ಮ ಕಡೆಯಿಂದ ಬೇರೆ ಶುಲ್ಕ ಇದೆಯಾ? ಎರಡನೆಯದಕ್ಕೆ ಹೌದು ಅಂದರೆ ಬೇರೆಯವರನ್ನು ಹುಡುಕಿ. ಶನಿವಾರ, ಭಾನುವಾರ ರಜೆ ಇರುವ ಏಜೆಂಟ್ ಆದರೆ ವಾರಾಂತ್ಯದ ಸೇಲ್ ಕೈತಪ್ಪುತ್ತದೆ ಅನ್ನುವುದೂ ಗೊತ್ತಿರಲಿ.

ಕಾಸ್ಟ್‌ಕೋದಲ್ಲಿ ಬುಕ್ ಮಾಡಿದ್ದೀನಿ. ರೀಪ್ರೈಸ್ ಮಾಡಿಸಿದರೆ ಶಾಪ್ ಕಾರ್ಡ್ ಕಡಿಮೆ ಆಗುತ್ತಾ?

ಆಗುತ್ತದೆ. ಕಾಸ್ಟ್‌ಕೋ ಅಂಗಡಿಯಲ್ಲಿ ಖರ್ಚು ಮಾಡಲು ಕೊಡುವ ಶಾಪ್ ಕಾರ್ಡ್‌ನ ಮೊತ್ತಕ್ಕೂ ಬುಕಿಂಗ್ ದರಕ್ಕೂ ಸಂಬಂಧ ಇದೆ. ದರ ಇಳಿದರೆ ಕಾರ್ಡ್‌ನ ಮೊತ್ತವೂ ಸ್ವಲ್ಪ ಇಳಿಯುತ್ತದೆ. ಆದರೂ ಒಟ್ಟಿನಲ್ಲಿ ಲಾಭವೇ, ಏಕೆಂದರೆ ಇಳಿದ ದರದ ಒಂದು ಪಾಲು ಮಾತ್ರ ಕಾರ್ಡ್‌ನಿಂದ ಹೋಗುತ್ತದೆ. ಹೊಸ ಮೊತ್ತ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಕಾರ್ಡ್ ಬರುವುದು ಪ್ರವಾಸ ಮುಗಿದ ಮೇಲೆ.

ಬುಕ್ ಮಾಡಿ 48 ಗಂಟೆ ಆಗಿಲ್ಲ. ಏನೋ ಗ್ಯಾರಂಟಿ ಇದೆ ಅಂತಾರಲ್ಲ?

ರಾಯಲ್ ಕೆರಿಬಿಯನ್‌ನ ಬೆಸ್ಟ್ ಪ್ರೈಸ್ ಗ್ಯಾರಂಟಿ ಬಗ್ಗೆ ನೀವು ಕೇಳಿರಬೇಕು. ಬುಕ್ ಮಾಡಿದ 48 ಗಂಟೆಯೊಳಗೆ ಅದೇ ಹಡಗು, ಅದೇ ತಾರೀಕು, ಅದೇ ದರ್ಜೆ ಕಡಿಮೆಗೆ ಕಂಡರೆ ವ್ಯತ್ಯಾಸದ ಶೇ. 110ರಷ್ಟನ್ನು ಆನ್‌ಬೋರ್ಡ್ ಕ್ರೆಡಿಟ್ ಆಗಿ ಕೊಡುವ ಯೋಜನೆ ಅದು. ಹಡಗಿನಲ್ಲಿ ಖರ್ಚು ಮಾಡುವುದು ಹೇಗೂ ಇದೆ ಅಂದರೆ ಒಳ್ಳೆಯದೇ. ಇಲ್ಲವಾದರೆ ಮಾಮೂಲಿ ರೀಪ್ರೈಸ್ ಮಾಡಿಸಿ ದರವನ್ನೇ ಇಳಿಸಿಕೊಳ್ಳುವುದು ಸರಳ.

ವಾಪಸ್ ಬರದ ಡೆಪಾಸಿಟ್ ಕಟ್ಟಿದ್ದೀನಿ. ನನಗೂ ಇಳಿಕೆ ಸಿಗುತ್ತಾ, ಇಲ್ಲ ಅಲ್ಲಿಗೇ ಮುಗೀತಾ?

ಸಿಗುತ್ತದೆ. ಅದೇ ಹಡಗು, ಅದೇ ತಾರೀಕಿಗೆ ಫೈನಲ್ ಪೇಮೆಂಟ್ ತನಕ ದರ ಇಳಿಸಿಕೊಳ್ಳಬಹುದು. ಕಷ್ಟ ಇರುವುದು ಹಡಗು ಅಥವಾ ತಾರೀಕು ಬದಲಾಯಿಸಬೇಕಾದಾಗ. ರಾಯಲ್ ಕೆರಿಬಿಯನ್ ಅದಕ್ಕೆ ಒಬ್ಬರಿಗೆ 100 ಡಾಲರ್ ಶುಲ್ಕ ಹಾಕುತ್ತದೆ. ಕ್ಯಾನ್ಸಲ್ ಮಾಡಿದರೆ ಡೆಪಾಸಿಟ್ ಕೈಗೆ ಬರುವುದಿಲ್ಲ.

ಅಪ್ಪ ಅಮ್ಮನ ಕೆನಡಾ ವೀಸಾ ಇನ್ನೂ ಬಂದಿಲ್ಲ. ಅಲಾಸ್ಕಾ ಕ್ರೂಸ್ ದರ ಚೆನ್ನಾಗಿದೆ. ಈಗಲೇ ಬುಕ್ ಮಾಡಲಾ?

ಮಾಡಿ, ಆದರೆ ವಾಪಸ್ ಬರುವ ಡೆಪಾಸಿಟ್‌ನಲ್ಲಿ ಮಾತ್ರ. ಇದರ ಹಿಂದೆ ಒಂದು ಹಳೆಯ ಕಾನೂನಿದೆ. 1886ರ ಪ್ಯಾಸೆಂಜರ್ ವೆಸೆಲ್ ಸರ್ವೀಸಸ್ ಆ್ಯಕ್ಟ್ ಪ್ರಕಾರ ವಿದೇಶಿ ಬಾವುಟದ, ಅಂದರೆ ಬೇರೆ ದೇಶದಲ್ಲಿ ನೋಂದಣಿಯಾದ, ಹಡಗು ಅಮೆರಿಕದ ಬಂದರುಗಳ ನಡುವೆ ಮಾತ್ರ ಜನರನ್ನು ಸುತ್ತಾಡಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟದವು. ಅದಕ್ಕೇ ಸಿಯಾಟಲ್‌ನಿಂದ ಹೊರಟ ಅಲಾಸ್ಕಾ ಹಡಗು ದಾರಿಯಲ್ಲಿ ಕೆನಡಾದ ವಿಕ್ಟೋರಿಯಾದಂಥ ಊರಿಗೆ ಹೋಗಿಯೇ ಬರಬೇಕು, ಕೆಲವೇ ಗಂಟೆಗಾದರೂ ಸರಿ. ಭಾರತದ ಪಾಸ್‌ಪೋರ್ಟ್ ಇರುವ ಅಪ್ಪ ಅಮ್ಮನಿಗೆ ಆ ಕೆಲವು ಗಂಟೆಗೂ ಕೆನಡಾ ವೀಸಾ ಬೇಕು. ಹಡಗಿನಿಂದ ಕೆಳಗೆ ಇಳಿಯುವುದೇ ಇಲ್ಲ ಅಂದರೂ ಬಿಡುವುದಿಲ್ಲ, ಹೊರಡುವ ದಿನವೇ ಬಂದರಿನಲ್ಲಿ ತಡೆಯುತ್ತಾರೆ.

ವೀಸಾ ಎಷ್ಟು ದಿನಕ್ಕೆ ಬರುತ್ತದೆ ಅಂತ ಹೇಳಲಾಗದು. ಅದಕ್ಕೇ ನಾನು ವಾಪಸ್ ಬರುವ ಡೆಪಾಸಿಟ್‌ಗೆ ಸ್ವಲ್ಪ ಜಾಸ್ತಿ ದರ ಆದರೂ ಕೊಡಿ ಅನ್ನುವುದು. ಫೈನಲ್ ಪೇಮೆಂಟ್ ದಿನಕ್ಕೆ ವೀಸಾ ಕೈಯಲ್ಲಿ ಇಲ್ಲದಿದ್ದರೆ ಕ್ಯಾನ್ಸಲ್ ಮಾಡಿ ಪೂರ್ತಿ ಹಣ ವಾಪಸ್ ಪಡೆಯಿರಿ. ವೀಸಾ ಬಂದ ಮೇಲೆ, ಗಡುವಿನೊಳಗೇ, ವಾಪಸ್ ಬರದ ಕಡಿಮೆ ದರಕ್ಕೆ ಬದಲಾಯಿಸಲು ಕೇಳಬಹುದು. ಆಗ ಕಾದದ್ದಕ್ಕೂ ಲಾಭ ಸಿಕ್ಕಂತೆ.

## ಫೈನಲ್ ಪೇಮೆಂಟ್ ಆದ ಮೇಲೆ

ಪೂರ್ತಿ ಕಟ್ಟಿ ಆಗಿದೆ. ಈಗ 600 ಡಾಲರ್ ಇಳಿದಿದೆ. ಏನೂ ಮಾಡೋಕಾಗಲ್ವಾ?

ದುಡ್ಡು ವಾಪಸ್ ಬರುವುದು ಅಪರೂಪ. ಆದರೆ ಎರಡು ವಿಷಯ ಕೇಳಬಹುದು. ಒಂದು, ವ್ಯತ್ಯಾಸವನ್ನು ಆನ್‌ಬೋರ್ಡ್ ಕ್ರೆಡಿಟ್ ಆಗಿ ಕೊಡುತ್ತೀರಾ ಅಂತ. ಕಾರ್ನಿವಲ್ ತನ್ನ ಅರ್ಲಿ ಸೇವರ್ ದರದಲ್ಲಿ ಬುಕ್ ಮಾಡಿದವರಿಗೆ ಹೊರಡುವ ಎರಡು ಕೆಲಸದ ದಿನ ಮೊದಲಿನ ತನಕವೂ ಹೀಗೆ ಕೊಡುತ್ತಾ ಬಂದಿದೆ. ನಿಮ್ಮ ಇನ್‌ವಾಯ್ಸ್‌ನಲ್ಲಿ ಆ ಹೆಸರಿದ್ದರೆ ಬಿಡಬೇಡಿ.

ಎರಡು, ಮೇಲಿನ ದರ್ಜೆ. ಇದು ಹೆಚ್ಚು ಜನರಿಗೆ ಹೊಳೆಯುವುದಿಲ್ಲ. ನೀವು ಓಷನ್ ವ್ಯೂಗೆ (ಕಿಟಕಿ ಮಾತ್ರ ಇರುವ ರೂಮ್) ಕೊಟ್ಟ ದರಕ್ಕೇ ಈಗ ಬಾಲ್ಕನಿ ಮಾರಾಟವಾಗುತ್ತಿದ್ದರೆ, "ನಾನು ಕೊಟ್ಟ ದುಡ್ಡಿಗೆ ಬಾಲ್ಕನಿಗೆ ಹಾಕಿಕೊಡಿ" ಅಂತ ಕೇಳಿ. ಕಂಪನಿಯ ಜೇಬಿನಿಂದ ಹಣ ಹೊರಗೆ ಹೋಗುವುದಿಲ್ಲ. ಆದ್ದರಿಂದ ಒಪ್ಪುವ ಸಾಧ್ಯತೆ ಜಾಸ್ತಿ. ಇದು ಹಕ್ಕಲ್ಲ, ಅವರ ಇಷ್ಟ. ಮೃದುವಾಗಿ ಕೇಳಿ.

ಎಲ್ಲ ಕ್ಯಾನ್ಸಲ್ ಮಾಡಿ ಮತ್ತೆ ಬುಕ್ ಮಾಡಿದರೆ?

ಲೆಕ್ಕ ಹಾಕಿ ನೋಡಿ. ಐದು ರಾತ್ರಿ ಮತ್ತು ಮೇಲಿನ ಪ್ರವಾಸಕ್ಕೆ ರಾಯಲ್ ಕೆರಿಬಿಯನ್‌ನ ದಂಡದ ಮೆಟ್ಟಿಲು ಹೀಗಿದೆ: ಹೊರಡಲು 89ರಿಂದ 75 ದಿನ ಇದ್ದಾಗ ಶೇ. 25, 74ರಿಂದ 61 ದಿನಕ್ಕೆ ಶೇ. 50, 60ರಿಂದ 31 ದಿನಕ್ಕೆ ಶೇ. 75, 30 ದಿನ ಮತ್ತು ಒಳಗೆ ಪೂರ್ತಿ. ತೆರಿಗೆ, ಬಂದರು ಶುಲ್ಕ ಮಾತ್ರ ಯಾವಾಗಲೂ ವಾಪಸ್.

ತೆರಿಗೆ ಬಿಟ್ಟು ನೀವು 4,000 ಡಾಲರ್ ಕೊಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಮೊದಲ ಮೆಟ್ಟಿಲಲ್ಲೇ 1,000 ಹೋಗುತ್ತದೆ. ಹೊಸ ದರ 3,000ಕ್ಕಿಂತ ಕೆಳಗೆ ಇದ್ದರೆ ಮಾತ್ರ ಏನಾದರೂ ಉಳಿತಾಯ. ಎರಡನೇ ಮೆಟ್ಟಿಲಿಗೆ ಬಂದರೆ ದರ ಅರ್ಧಕ್ಕಿಂತ ಕೆಳಗೆ ಬಿದ್ದಿರಬೇಕು. ಬಹುತೇಕ ಸಂದರ್ಭದಲ್ಲಿ ಇದು ಗಿಟ್ಟುವುದಿಲ್ಲ. ಆದರೂ ಮಾಡುವುದೇ ಆದರೆ ಹೊಸ ರೂಮ್ ಸಿಗುತ್ತದೆ ಅನ್ನುವುದು ಖಚಿತವಾಗುವ ತನಕ ಹಳೆಯದನ್ನು ಬಿಡಬೇಡಿ. ಒಂದೇ ಹೆಸರಲ್ಲಿ ಒಂದೇ ಹಡಗಿಗೆ ಎರಡು ಬುಕಿಂಗ್ ಇಟ್ಟರೆ ಕೆಲವು ಕಂಪನಿಗಳು ಆಕ್ಷೇಪಿಸುತ್ತವೆ. ಹಾಗಾಗಿ ಫೋನ್‌ನಲ್ಲಿ ಮಾತಾಡುತ್ತಲೇ ಎರಡನ್ನೂ ಮುಗಿಸುವುದು ಒಳ್ಳೆಯದು.

ಮೇಲಿನ ರೂಮ್‌ಗೆ ಬಿಡ್ ಹಾಕಿ ಅಂತ ಇಮೇಲ್ ಬಂದಿದೆ. ಹಾಕಲಾ?

ಮೇಲಿನ ದರ್ಜೆಗೆ ಇಷ್ಟು ಜಾಸ್ತಿ ಕೊಡುತ್ತೇನೆ ಅಂತ ನೀವು ಹೇಳುವುದು, ಕಂಪನಿ ಒಪ್ಪಿದರೆ ರೂಮ್ ಸಿಗುವುದು, ಇದೇ ಬಿಡ್. ರಾಯಲ್ ಕೆರಿಬಿಯನ್ ಇದನ್ನು ರಾಯಲ್‌ಅಪ್ ಅನ್ನುತ್ತದೆ, ಸೆಲೆಬ್ರಿಟಿ ಕಂಪನಿಯಲ್ಲಿ ಮೂವ್‌ಅಪ್. ಬಿಡ್ ಹಾಕುವ ಮೊದಲು ಆ ಮೇಲಿನ ರೂಮ್‌ನ ಇವತ್ತಿನ ಮಾರಾಟ ದರ ನೋಡಿ. ಅಲ್ಲಿ ಕಾಣುವ ಬಿಡ್ ಮೊತ್ತ ಒಬ್ಬರದು, ಇಬ್ಬರಿಗೆ ಕಟ್ಟಬೇಕು. 150 ಅಂದರೆ 300. ನೇರವಾಗಿ 250 ಕೊಟ್ಟರೆ ಬದಲಾಯಿಸಿಕೊಡುತ್ತಾರೆ ಅನ್ನುವಾಗ 300ರ ಬಿಡ್ ಯಾಕೆ? ಒಪ್ಪಿಗೆಯಾದ ಮೇಲೆ ಹಣ ವಾಪಸ್ ಇಲ್ಲ, ರೂಮ್ ಆರಿಸುವಂತೆಯೂ ಇಲ್ಲ. ಎರಡು ರೂಮ್ ಅಕ್ಕಪಕ್ಕ ಇರುವ ಕುಟುಂಬಗಳು ಇದನ್ನು ಮುಟ್ಟದೆ ಇರುವುದು ಒಳ್ಳೆಯದು.

ಆನ್‌ಬೋರ್ಡ್ ಕ್ರೆಡಿಟ್ ಅಂದ್ರೆ ಕ್ಯಾಶ್ ತರಹನಾ?

ಎರಡು ಬಗೆ ಇದೆ. ಒಂದರಲ್ಲಿ ಉಳಿದದ್ದು ಕೊನೆಗೆ ವಾಪಸ್ ಬರುತ್ತದೆ. ಇನ್ನೊಂದರಲ್ಲಿ ಕೊನೆಯ ರಾತ್ರಿ ಉಳಿದದ್ದು ಹೋಯಿತು. ದರ ಇಳಿಕೆಗೆ ಕೊಡುವುದು ಹೆಚ್ಚಾಗಿ ಎರಡನೆಯದು. ಟಿಪ್ಸ್ ಮೊದಲೇ ಕಟ್ಟದೆ ಹಡಗಿನ ಲೆಕ್ಕಕ್ಕೆ ಬಿಟ್ಟಿದ್ದರೆ ಕ್ರೆಡಿಟ್ ಅದಕ್ಕೇ ಹೋಗಿ ಸರಿಹೊಂದುತ್ತದೆ, ಏನೂ ವ್ಯರ್ಥ ಆಗುವುದಿಲ್ಲ.

## ಇನ್ನಷ್ಟು ಆಳಕ್ಕೆ ಹೋಗುವವರಿಗೆ

ವೈಫೈ, ಟೂರ್ ಎಲ್ಲ ಮೊದಲೇ ಕೊಂಡಿದ್ದೀವಿ. ಈಗ ಅದರ ಮೇಲೂ ಸೇಲ್ ಬಂದಿದೆ!

ಇದು ಬಹಳ ಜನ ಬಿಟ್ಟುಬಿಡುವ ಜಾಗ, ಮತ್ತು ಇಲ್ಲಿ ಫೈನಲ್ ಪೇಮೆಂಟ್ ಗಡುವು ಅಡ್ಡ ಬರುವುದಿಲ್ಲ. ಹೊರಡುವ ಮೊದಲು ಕೊಂಡ ವೈಫೈ, ಪಾನೀಯ, ಟೂರ್‌ಗಳನ್ನು ಸಾಮಾನ್ಯವಾಗಿ ಹೊರಡುವ ಕೆಲವು ದಿನ ಮೊದಲಿನ ತನಕ ಕ್ಯಾನ್ಸಲ್ ಮಾಡಿ ಕಡಿಮೆ ದರಕ್ಕೆ ಮತ್ತೆ ಕೊಳ್ಳಬಹುದು. ಹೊಸ ದರ ಕಾರ್ಟ್‌ನಲ್ಲಿ ನಿಜವಾಗಿ ಬರುತ್ತದಾ ಮೊದಲು ನೋಡಿ. ಕ್ಯಾನ್ಸಲ್ ಆಮೇಲೆ. ರಿಫಂಡ್ ಬರಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯ ತನಕ ಕಾರ್ಡ್‌ನಲ್ಲಿ ಎರಡೂ ಕಾಣುತ್ತವೆ.

ಪಾನೀಯದ ಪ್ಯಾಕೇಜ್ ದರದ ಮೇಲೆ ರಾಯಲ್ ಕೆರಿಬಿಯನ್‌ನಲ್ಲಿ ಶೇ. 18 ಟಿಪ್ಸ್ ಬೇರೆ ಸೇರುತ್ತದೆ. ಮದ್ಯದ ಪ್ಯಾಕೇಜ್ ರೂಮ್‌ನಲ್ಲಿ ಒಬ್ಬರು ಕೊಂಡರೆ ಅದೇ ರೂಮ್‌ನ ಉಳಿದ ದೊಡ್ಡವರೂ ಕೊಳ್ಳಬೇಕು ಅನ್ನುವ ನಿಯಮವೂ ಇದೆ. ಗಂಡ ಕುಡಿಯುತ್ತಾರೆ, ಹೆಂಡತಿ ಮುಟ್ಟುವುದಿಲ್ಲ ಅನ್ನುವ ಮನೆಗಳಲ್ಲಿ ಸೇಲ್ ದರ ನೋಡಿ ಖುಷಿಪಡುವ ಮೊದಲು ಇದನ್ನು ಗುಣಿಸಿ ನೋಡಿ.

ಎರಡು ರೂಮ್ ಬುಕ್ ಮಾಡಿದ್ದೀವಿ. ಒಂದರ ದರ ಇಳಿದರೆ ಎರಡೂ ಇಳಿಯುತ್ತಾ?

ಇಲ್ಲ. ಎರಡೂ ಬೇರೆ ಬೇರೆ ಬುಕಿಂಗ್, ಬೇರೆ ನಂಬರ್. ಒಂದೊಂದಾಗಿ ನೋಡಬೇಕು, ಒಂದೊಂದಾಗಿ ಕೇಳಬೇಕು. ಮೂರನೆಯವರಿಗೆ, ನಾಲ್ಕನೆಯವರಿಗೆ ಉಚಿತ ಅನ್ನುವ ಆಫರ್‌ನಲ್ಲಿ ಮಕ್ಕಳ ರೂಮ್ ಬುಕ್ ಆಗಿದ್ದರೆ ಅದನ್ನು ಮುಟ್ಟದೆ, ದೊಡ್ಡವರಿಬ್ಬರ ರೂಮ್ ಮಾತ್ರ ಹೊಸ ದರಕ್ಕೆ ಹಾಕಿಸುವುದೇ ಎಷ್ಟೋ ಸಲ ಲಾಭ.

ವಯಸ್ಸಾದವರಿಗೆ ಬೇರೆ ದರ ಇದೆ ಅಂತಾರೆ, ನಿಜನಾ?

ರಾಯಲ್ ಕೆರಿಬಿಯನ್‌ನಲ್ಲಿ 55 ದಾಟಿದವರಿಗೆ ಕೆಲವು ಪ್ರವಾಸಗಳಲ್ಲಿ ಕಡಿಮೆ ದರ ಇರುತ್ತದೆ. ರೂಮ್‌ನಲ್ಲಿ ಒಬ್ಬರಿಗೆ ಆ ವಯಸ್ಸಾಗಿದ್ದರೆ ಸಾಕು. ಅಪ್ಪ ಅಮ್ಮನ ಬುಕಿಂಗ್‌ನಲ್ಲಿ ಇದನ್ನು ಮೊದಲು ಕೇಳಿಲ್ಲವಾದರೆ ರೀಪ್ರೈಸ್ ಹೊತ್ತಿನಲ್ಲಿ ಕೇಳಿ.

ದರ ಇಳಿದ ಮೇಲೆ ಇನ್ಶೂರೆನ್ಸ್ ಏನು ಮಾಡಬೇಕು?

ಬೇರೆ ಕಂಪನಿಯಿಂದ ಟ್ರಾವೆಲ್ ಇನ್ಶೂರೆನ್ಸ್ ಕೊಂಡಿದ್ದರೆ ಅವರಿಗೆ ಪ್ರವಾಸದ ಹೊಸ ಮೊತ್ತ ತಿಳಿಸಿ. ಪ್ರೀಮಿಯಂ ಸ್ವಲ್ಪ ಇಳಿಯಬಹುದು. ಒಂದು ಎಚ್ಚರಿಕೆ: ಮೊದಲಿಂದ ಇರುವ ಕಾಯಿಲೆಗೂ ರಕ್ಷಣೆ ಕೊಡುವ ಪಾಲಿಸಿಗಳನ್ನು ಸಾಮಾನ್ಯವಾಗಿ ಮೊದಲ ಡೆಪಾಸಿಟ್ ಕಟ್ಟಿದ 14ರಿಂದ 21 ದಿನದೊಳಗೆ ಕೊಳ್ಳಬೇಕು. ರೀಪ್ರೈಸ್ ಮಾಡಿದರೆ ಮೊದಲ ಡೆಪಾಸಿಟ್‌ನ ತಾರೀಕು ಬದಲಾಗುವುದಿಲ್ಲ. ಕ್ಯಾನ್ಸಲ್ ಮಾಡಿ ಹೊಸದಾಗಿ ಬುಕ್ ಮಾಡಿದರೆ ಬದಲಾಗಬಹುದು. ಮನೆಯಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಇನ್ಶೂರೆನ್ಸ್‌ನವರನ್ನು ಕೇಳದೆ ಕ್ಯಾನ್ಸಲ್ ಬಟನ್ ಒತ್ತಬೇಡಿ.

ಕ್ರೆಡಿಟ್ ಕಾರ್ಡ್‌ನವರಿಗೆ ದೂರು ಕೊಟ್ಟು ವ್ಯತ್ಯಾಸ ತಗೋಬಹುದಾ?

ಆಗುವುದಿಲ್ಲ. ನೀವು ಒಪ್ಪಿದ ದರವನ್ನೇ ಅವರು ತೆಗೆದುಕೊಂಡಿದ್ದಾರೆ. ಕಂಪನಿ ಹೊಸ ಇನ್‌ವಾಯ್ಸ್ ಕೊಟ್ಟು ರಿಫಂಡ್ ಕಳಿಸದೆ ಇದ್ದರೆ ಮಾತ್ರ ದೂರಿಗೆ ಆಧಾರ ಇದೆ.

ಹಿಂದೆ ಕೊನೆ 48 ಗಂಟೆಯಲ್ಲೂ ಕ್ಯಾನ್ಸಲ್ ಮಾಡಬಹುದಿತ್ತಲ್ಲ?

ಅದು ಕೋವಿಡ್ ಕಾಲದ ಮಾತು. 2020ರ ಮಾರ್ಚ್‌ನಲ್ಲಿ ರಾಯಲ್ ಕೆರಿಬಿಯನ್ ಅಂಥ ಯೋಜನೆ ತಂದಿತ್ತು, ಅದರಲ್ಲೂ ಸಿಗುತ್ತಿದ್ದುದು ಮುಂದಿನ ಪ್ರವಾಸಕ್ಕೆ ಕ್ರೆಡಿಟ್. ಆಗಿನ ಸಲಹೆಗಳು ಇನ್ನೂ ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ನಂಬಿ ಕೂರಬೇಡಿ.

ನಾವು ಲಂಡನ್‌ನಲ್ಲಿ ಇರೋದು. ಇದೆಲ್ಲ ನಮಗೂ ಅನ್ವಯಿಸುತ್ತಾ?

ಬಹುತೇಕ ಇಲ್ಲ. ಬ್ರಿಟನ್ನಿನ ಬುಕಿಂಗ್‌ನಲ್ಲಿ ಡೆಪಾಸಿಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ಬುಕ್ ಮಾಡಿದ ಮೇಲೆ ದರ ಇಳಿಸುವ ರೂಢಿಯೂ ಇಲ್ಲ. ಅಲ್ಲಿರುವವರಿಗೆ ಬುಕ್ ಮಾಡುವ ಮೊದಲು ಒಂದೆರಡು ವಾರ ದರ ಗಮನಿಸುವುದೇ ದಾರಿ. ಆಮೇಲೆ ದೊಡ್ಡ ಇಳಿಕೆ ಕಂಡರೆ ಮೇಲಿನ ದರ್ಜೆ ಅಥವಾ ಕ್ರೆಡಿಟ್ ಕೇಳಿ ನೋಡಿ. ಹೊಸ ದರ ಡೆಪಾಸಿಟ್‌ಗಿಂತ ಜಾಸ್ತಿ ಇಳಿದಿದ್ದರೆ ಡೆಪಾಸಿಟ್ ಬಿಟ್ಟು ಹೊಸದಾಗಿ ಬುಕ್ ಮಾಡುವ ಲೆಕ್ಕವನ್ನೂ ಹಾಕಬಹುದು.

ಬೆಂಗಳೂರಿಂದ ಸಿಂಗಪುರಕ್ಕೆ ಹೋಗಿ ಅಲ್ಲಿಂದ ಕ್ರೂಸ್. ಇಲ್ಲಿನ ಏಜೆಂಟ್ ಹತ್ತಿರ ಬುಕ್ ಮಾಡಿದ್ದೀವಿ. ದರ ಇಳಿದರೆ?

ಮೊದಲು ನಿಮ್ಮದು ಯಾವ ಬಗೆಯ ಬುಕಿಂಗ್ ಅಂತ ತಿಳಿಯಿರಿ. ವಿಮಾನ, ಹೋಟೆಲ್, ವೀಸಾ ಎಲ್ಲ ಸೇರಿದ ಗುಂಪು ಪ್ರವಾಸವಾದರೆ ಏಜೆಂಟ್ ರೂಮ್‌ಗಳನ್ನು ಮೊದಲೇ ಒಟ್ಟಿಗೆ ಕೊಂಡಿರುತ್ತಾರೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಇಳಿದ ದರಕ್ಕೂ ನಿಮ್ಮ ಪ್ಯಾಕೇಜ್‌ಗೂ ಸಂಬಂಧ ಇರುವುದಿಲ್ಲ. ಹಡಗಿನ ಬುಕಿಂಗ್ ಒಂದನ್ನೇ ಮಾಡಿಸಿದ್ದರೆ ಕಂಪನಿಯ ಬುಕಿಂಗ್ ನಂಬರ್ ಮತ್ತು ಕಂಪನಿಯದೇ ಇನ್‌ವಾಯ್ಸ್ ಕೇಳಿ ಪಡೆಯಿರಿ. ಅದಿಲ್ಲದೆ ನಿಜವಾದ ದರ ಎಷ್ಟು, ಏಜೆಂಟ್ ಸೇರಿಸಿದ್ದು ಎಷ್ಟು ಅಂತ ತಿಳಿಯುವುದೇ ಇಲ್ಲ.

ನೀವೇ ಕಾರ್ಡ್‌ನಲ್ಲಿ ವಿದೇಶಿ ಹಣದಲ್ಲಿ ಕಟ್ಟಿದ್ದರೆ ವಿನಿಮಯದ ಮೇಲೆ ಬ್ಯಾಂಕ್ ಶುಲ್ಕ ಇರುತ್ತದೆ. ಎಷ್ಟೋ ಕಾರ್ಡ್‌ಗಳಲ್ಲಿ ಅದು ಶೇ. 3.5, ಅದರ ಮೇಲೆ ಜಿಎಸ್‌ಟಿ ಬೇರೆ. ರಿಫಂಡ್ ಬರುವುದು ಆ ದಿನದ ವಿನಿಮಯ ದರದಲ್ಲಿ. ಹಾಗಾಗಿ ಸಣ್ಣ ಇಳಿಕೆಗೆ ಕ್ಯಾನ್ಸಲ್ ಮಾಡಿ ಮತ್ತೆ ಕೊಂಡರೆ ಉಳಿತಾಯವನ್ನು ಬ್ಯಾಂಕೇ ತಿಂದುಹಾಕುತ್ತದೆ. ಅದೇ ಬುಕಿಂಗ್‌ನಲ್ಲಿ ಬಾಕಿ ಕಡಿಮೆ ಮಾಡಿಸಿಕೊಳ್ಳುವುದೇ ಒಳ್ಳೆಯದು.

ಇನ್ನೊಂದು ಟಿಸಿಎಸ್ ಅನ್ನುವ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಏಜೆಂಟ್ ಇದನ್ನು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತಾರೆ. 2023ರ ಅಕ್ಟೋಬರ್ 1ರಿಂದ ವರ್ಷಕ್ಕೆ 7 ಲಕ್ಷ ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 20 ಇತ್ತು. 2025ರ ಏಪ್ರಿಲ್ 1ರಿಂದ ಆ ಮಿತಿ 10 ಲಕ್ಷಕ್ಕೆ ಏರಿತು, 2026ರ ಏಪ್ರಿಲ್ 1ರಿಂದ ಮಿತಿಯಿಲ್ಲದೆ ಶೇ. 2 ಆಯಿತು. ಬಜೆಟ್ ಬಂದಾಗ ಬದಲಾಗುವ ದರ ಇದು, ಆದ್ದರಿಂದ ಬಿಲ್ ಮಾಡುವ ದಿನ ಎಷ್ಟಿದೆ ಅಂತ ಕೇಳಿ. ಪ್ಯಾಕೇಜ್ ದರ ಇಳಿಸಿದರೆ ಟಿಸಿಎಸ್ ಕೂಡ ಹೊಸ ಮೊತ್ತದ ಮೇಲೇ ಲೆಕ್ಕ ಹಾಕಿದ್ದಾರಾ ಅಂತ ಬಿಲ್‌ನಲ್ಲಿ ನೋಡಿ. ಮೊದಲೇ ಕಟ್ಟಿಬಿಟ್ಟಿದ್ದರೆ ಆ ಹಣ ನಿಮ್ಮ ಪ್ಯಾನ್ ಹೆಸರಲ್ಲಿ ಫಾರ್ಮ್ 26ಎಎಸ್‌ನಲ್ಲಿ (ಆದಾಯ ತೆರಿಗೆ ಇಲಾಖೆಯ ಲೆಕ್ಕಪಟ್ಟಿ) ಕಾಣಬೇಕು. ಆದಾಯ ತೆರಿಗೆ ರಿಟರ್ನ್ ಹಾಕುವಾಗ ಅದನ್ನು ತೋರಿಸಿ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಜಾಸ್ತಿಯಾದದ್ದು ವಾಪಸ್ ಬರುತ್ತದೆ. ಯಾರ ಪ್ಯಾನ್ ಕೊಟ್ಟಿದ್ದೀರೋ ಅವರೇ ರಿಟರ್ನ್‌ನಲ್ಲಿ ತೋರಿಸಬೇಕು. ಅಪ್ಪನ ಪ್ಯಾನ್ ಕೊಟ್ಟು ಮಗ ಹಣ ಕಟ್ಟಿದ್ದರೆ ರಿಟರ್ನ್ ಹಾಕಬೇಕಾದವರು ಅಪ್ಪ.